ಕಲಬುರಗಿಯ ಎಮಿಷನ್ ಟೆಸ್ಟ್: ಪೈಪು ಎಷ್ಟು ಒಳಗೆ ಹೋಯಿತು ಅನ್ನೋದೇ ಪ್ರಶ್ನೆ

"ಗಾಡಿ ಬಂದ್ ಮಾಡ್ಬ್ಯಾಡ್ರಿ ಅಣ್ಣಾ, ಒಂದ್ ನಿಮಿಷ್ದಾಗ ಆಗ್ತದ." ಕಲಬುರಗಿಯ ಯಾವುದೇ ಎಮಿಷನ್ ವ್ಯಾನಿನ ಮುಂದೆ ಕೇಳಿಬರೋ ಮಾತು ಇದು. ಇದರ ಮೊದಲ ಅರ್ಧ ಸರಿ, ಎರಡನೇ ಅರ್ಧ ತಪ್ಪು. ಎಂಜಿನ್ ಚಾಲೂ ಇರಲೇಬೇಕು. ಒಂದು ನಿಮಿಷದಲ್ಲಿ ಮುಗಿಯುವ ಟೆಸ್ಟು ಮಾತ್ರ ಟೆಸ್ಟಲ್ಲ.

ನಗರದಲ್ಲಿ ಈ ಸೇವೆ ಎರಡು ರೂಪದಲ್ಲಿ ಸಿಗುತ್ತದೆ. ಒಂದು, ಪೆಟ್ರೋಲ್ ಬಂಕಿನ ಮೂಲೆಯ ಡಬ್ಬಿ ಅಂಗಡಿ. ಇನ್ನೊಂದು, ರಸ್ತೆ ಬದಿ ನಿಂತ ವ್ಯಾನು. ಯಂತ್ರ ಎರಡು ಕಡೆಯೂ ಒಂದೇ ಜಾತಿಯದು, ಸರ್ಟಿಫಿಕೇಟ್ ಹೊರಡುವ ಸರ್ಕಾರಿ ಸಾಫ್ಟ್‌ವೇರ್ ಕೂಡ ಒಂದೇ. ವ್ಯತ್ಯಾಸ ಇರೋದು ಸೈಲೆನ್ಸರಿನಿಂದ ಯಂತ್ರಕ್ಕೆ ಹೊಗೆ ಎಳೆಯುವ ಪೈಪ್ ಹಿಡಿದ ಹುಡುಗನ ಕೈಯಲ್ಲಿ. ಸಿನಿಮಾ ಟಿಕೆಟ್ಟಿಗಿಂತ ಕಡಿಮೆ ದುಡ್ಡಿಗೆ ಎಂಜಿನ್ನಿನ ಹೊಟ್ಟೆ ಹೇಗಿದೆ ಎಂದು ತಿಳಿಸುವ ವರದಿ ಇದು. ಆದರೂ ಹೆಚ್ಚಿನವರು ಪೊಲೀಸರಿಗೆ ತೋರಿಸುವ ಚೀಟಿ ಅಂತ ಮಡಚಿ ಕವರಿಗೆ ಹಾಕಿಬಿಡುತ್ತಾರೆ.

ಪೆಟ್ರೋಲ್ ಬೈಕಿನಿಂದಲೇ ಶುರು ಮಾಡೋಣ. ಎಂಜಿನ್ ಬಿಸಿ ಇರಬೇಕು. ಮನೆ ಪಕ್ಕದ ವ್ಯಾನಿಗೆ ಎರಡೇ ನಿಮಿಷದಲ್ಲಿ ಹೋಗಿ ನಿಲ್ಲಿಸಿದರೆ ಚೆನ್ನಾಗಿರುವ ಬೈಕೂ ಫೇಲ್ ಆಗಬಹುದು. ಹತ್ತು-ಹದಿನೈದು ನಿಮಿಷ ಓಡಿಸಿಕೊಂಡು ಹೋಗಿ. ಬಿಎಸ್-6 (ಭಾರತ್ ಸ್ಟೇಜ್ ಎಂಬ ಸರ್ಕಾರಿ ಹೊಗೆ ಮಾನದಂಡದ ಆರನೇ ಹಂತ) ಗಾಡಿಗೆ ಇದು ಇನ್ನೂ ಮುಖ್ಯ, ಸೈಲೆನ್ಸರ್‌ನೊಳಗೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಯಾಗದೆ ಕೆಲಸ ಮಾಡೋದಿಲ್ಲ. ಚೋಕ್ ಪೂರ್ತಿ ಒಳಗಿರಲಿ. ಪೈಪ್ ಹಾಕುವ ಮುಂಚೆ ಯಂತ್ರ ಹೊರಗಿನ ಗಾಳಿ ಎಳೆದು ಸೊನ್ನೆಗೆ ಬರಬೇಕು. ಹಿಂದಿನ ಗಾಡಿಯ ಹೊಗೆ ಹೋಸಿನಲ್ಲಿ ಉಳಿದಿದ್ದರೆ ಅದರ ಪಾಪ ನಿಮ್ಮ ಲೆಕ್ಕಕ್ಕೆ ಬರುತ್ತದೆ.

ಆಮೇಲೆ ಪೈಪು. ಕನಿಷ್ಠ 300 ಮಿಲಿಮೀಟರ್ ಒಳಗೆ ಹೋಗಬೇಕು, ಅಂದರೆ ಶಾಲೆ ಮಕ್ಕಳ ಒಂದು ಸ್ಕೇಲಿನಷ್ಟು. ಬೈಕಿನ ಸೈಲೆನ್ಸರ್ ಒಳಗೆ ಅಡ್ಡಗೋಡೆ ಇರುವುದರಿಂದ ಅಷ್ಟು ಉದ್ದ ಹೋಗೋದಿಲ್ಲ. ಅದಕ್ಕೇ ಸೈಲೆನ್ಸರ್ ಬಾಯಿಗೆ ಸಿಕ್ಕಿಸುವ ಇನ್ನೊಂದು ಕೊಳವೆ ಇರುತ್ತದೆ. ಬಹಳ ಕಡೆ ಅದು ವ್ಯಾನಿನ ಸೀಟಿನ ಕೆಳಗೆ ಧೂಳು ತಿನ್ನುತ್ತಾ ಬಿದ್ದಿರುತ್ತದೆ. ಪೈಪನ್ನು ನಾಲ್ಕು ಬೆರಳಷ್ಟು ತುರುಕಿ ಕೈ ಬಿಟ್ಟರೆ ಯಂತ್ರ ಎಳೆಯೋದು ಅರ್ಧ ಹೊಗೆ, ಅರ್ಧ ಜೇವರ್ಗಿ ರೋಡಿನ ಗಾಳಿ.

ಇದನ್ನು ಪತ್ತೆ ಹಚ್ಚುವ ದಾರಿ ಸ್ಕ್ರೀನ್ ಮೇಲೇ ಇದೆ. ಎಲ್ಲರೂ ಕಾರ್ಬನ್ ಮೊನಾಕ್ಸೈಡ್ ನೋಡುತ್ತಾರೆ. ನೀವು ಕಾರ್ಬನ್ ಡೈಆಕ್ಸೈಡ್ ಮತ್ತು ಆಕ್ಸಿಜನ್ ನೋಡಿ. ಸರಿಯಾಗಿ ಉರಿಯುವ ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಶೇ 12ರ ಮೇಲಿರುತ್ತದೆ. ಸೈಲೆನ್ಸರಿಗೆ ಗಾಳಿ ಸೇರಿಸುವ ವ್ಯವಸ್ಥೆ ಇರುವ ಬೈಕುಗಳಲ್ಲಿ ಸ್ವಲ್ಪ ಕಡಿಮೆ ಬರಬಹುದು. ಆದರೆ ಅದು 2-3ಕ್ಕೇ ನಿಂತು, ಆಕ್ಸಿಜನ್ 16-17 ತೋರಿಸಿದರೆ ಯಂತ್ರ ಅಳೆಯುತ್ತಿರೋದು ನಿಮ್ಮ ಬೈಕನ್ನಲ್ಲ, ಬಯಲು ಗಾಳಿಯನ್ನು. ಹೊರಗಿನ ಗಾಳಿಯಲ್ಲಿ ಆಕ್ಸಿಜನ್ ಶೇ 21ರ ಹತ್ತಿರ ಇರುತ್ತದೆ. ಅಂಥ ಪಾಸಿಗೆ ಬೆಲೆಯಿಲ್ಲ. "ಪೈಪ್ ಇನ್ನಷ್ಟು ಒಳಗ ಹಾಕ್ರಿ" ಅಂತ ಹೇಳಿ, ಅಂಕಿ ಏರೋದು ನಿಂತು ಒಂದೆಡೆ ಸ್ಥಿರವಾಗುವ ತನಕ ಕಾಯಿರಿ.

ಮಿತಿಗಳು ಇಷ್ಟು. 2000ದ ಮಾರ್ಚ್ ನಂತರ ತಯಾರಾದ ಹಳೆ ಫೋರ್-ಸ್ಟ್ರೋಕ್ ಬೈಕಿಗೆ ಕಾರ್ಬನ್ ಮೊನಾಕ್ಸೈಡ್ ಶೇ 3.5, ಹೈಡ್ರೋಕಾರ್ಬನ್ (ಉರಿಯದೆ ಉಳಿದ ಪೆಟ್ರೋಲ್) 4,500 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಅಷ್ಟು ಭಾಗ. ಅದೇ ಕಾಲದ ಟೂ-ಸ್ಟ್ರೋಕಿಗೆ ಹೈಡ್ರೋಕಾರ್ಬನ್ 6,000 ತನಕ ಬಿಡುತ್ತಾರೆ. ಬಿಎಸ್-6 ಬೈಕಿಗೆ ಶೇ 0.5 ಮತ್ತು 500. ಚೀಟಿಯಲ್ಲಿ ಮಿತಿ ಒಂದು ಕಡೆ, ನಿಮ್ಮ ಅಂಕಿ ಪಕ್ಕದಲ್ಲಿ ಅಚ್ಚಾಗಿರುತ್ತದೆ. ಬಿಎಸ್-6 ಗಾಡಿಗೆ ಹಳೆ ಮಿತಿ ಅಚ್ಚಾಗಿ ಬಂದಿದ್ದರೆ ಗಾಡಿಯ ವಿವರ ತಪ್ಪಾಗಿ ಸೇರಿದೆ ಎಂದರ್ಥ. ಅಲ್ಲೇ ನಿಂತು ತಿದ್ದಿಸಿಕೊಳ್ಳಿ.

ಪಾಸಾದರೂ ಎರಡು ಅಂಕಿ ಓದಿ. ಮೊನಾಕ್ಸೈಡ್ ಜಾಸ್ತಿ, ಹೈಡ್ರೋಕಾರ್ಬನ್ ಸುಮಾರಾಗಿದ್ದರೆ ಎಂಜಿನ್ ಪೆಟ್ರೋಲ್ ಹೆಚ್ಚು ಕುಡೀತಿದೆ ಅಥವಾ ಗಾಳಿ ಸಾಲುತ್ತಿಲ್ಲ. ನಮ್ಮ ಕಡೆ ಬಹುಪಾಲು ಕಾರಣ ಏರ್ ಫಿಲ್ಟರ್. ರಿಂಗ್ ರೋಡಿನ ಧೂಳು, ಎರೆಮಣ್ಣಿನ ಪುಡಿ, ಲಾರಿಯಿಂದ ಉದುರಿದ್ದು, ಎಲ್ಲ ಹೋಗಿ ಕೂರೋದು ಅಲ್ಲೇ. ಕಾರ್ಬೊರೇಟರ್ ಬೈಕಿಗೆ ಗಾಳಿ ಕಡಿಮೆಯಾಯಿತು ಅನ್ನೋದು ಗೊತ್ತಾಗೋದಿಲ್ಲ, ಪೆಟ್ರೋಲ್ ಬಿಡುತ್ತಲೇ ಇರುತ್ತದೆ. ಕಂಪನಿ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಆಗುವ ತನಕ ಇಲ್ಲಿ ಕಾಯಬೇಡಿ. ಇನ್ನೊಂದು ತಪ್ಪು: ಗ್ಯಾರೇಜಿನಲ್ಲಿ ಫಿಲ್ಟರಿಗೆ ಕಂಪ್ರೆಸರ್ ಗಾಳಿ ಹೊಡೆಸೋದು. ಈಗಿನ ಬಹಳ ಬೈಕುಗಳಲ್ಲಿ ಎಣ್ಣೆ ಸವರಿದ ಕಾಗದದ ಫಿಲ್ಟರ್ ಇರುತ್ತದೆ. ಅದಕ್ಕೆ ಗಾಳಿ ಹೊಡೆದರೆ ಎಣ್ಣೆ ಹೋಗಿ ಧೂಳು ನೇರ ಸಿಲಿಂಡರಿಗೆ ದಾರಿ ಹಿಡಿಯುತ್ತದೆ. ಅದನ್ನು ಬದಲಿಸಬೇಕು, ತೊಳೆಯೋದಲ್ಲ, ಊದೋದೂ ಅಲ್ಲ.

ಹೈಡ್ರೋಕಾರ್ಬನ್ ಒಂದೇ ಏರಿದ್ದರೆ ಪೆಟ್ರೋಲ್ ಉರಿಯದೆ ಹಾಗೇ ಹೊರಗೆ ಬರುತ್ತಿದೆ. ಮೊದಲು ಪ್ಲಗ್ ನೋಡಿಸಿ, ಆಮೇಲೆ ಪ್ಲಗ್ ಕ್ಯಾಪ್, ಆಮೇಲೆ ಟ್ಯಾಪೆಟ್. ಇವೆಲ್ಲ ಸರಿಯಿದ್ದೂ ಇಳಿಯದಿದ್ದರೆ ವಾಲ್ವ್ ಅಥವಾ ಪಿಸ್ಟನ್ ರಿಂಗ್ ಸವೆದಿದೆ, ಅದು ಖರ್ಚಿನ ಬಾಬತ್ತು.

ಕಾರಿಗೆ ಬಿಎಸ್-4ರಿಂದ ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡೋದು) ಒಂದೇ ಸಾಲದು. ಎಂಜಿನ್ನನ್ನು ನಿಮಿಷಕ್ಕೆ 2,500 ಸುತ್ತಿನ ಆಸುಪಾಸಿನಲ್ಲಿ ಹಿಡಿದು ಇನ್ನೊಮ್ಮೆ ಅಳೆಯಬೇಕು. ಐಡ್ಲಿಂಗಿನಲ್ಲಿ ಮೊನಾಕ್ಸೈಡ್ ಶೇ 0.3, ಹೈಡ್ರೋಕಾರ್ಬನ್ 200. ಮೇಲಿನ ಸುತ್ತಿನಲ್ಲಿ ಶೇ 0.2, ಜೊತೆಗೆ ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಹದ ಹೇಳುವ ಅಂಕಿ) 0.97ರಿಂದ 1.03ರೊಳಗೆ. ಲ್ಯಾಂಬ್ಡಾ ಮೇಲೆ ಹೋಗಿದ್ದರೆ ಎಂಜಿನ್ ಬಿಚ್ಚುವ ಮುನ್ನ ಸೈಲೆನ್ಸರ್ ಜಾಯಿಂಟುಗಳಲ್ಲಿ ತೂತು ಹುಡುಕಿ. ಯಾರೂ ಆಕ್ಸಿಲರೇಟರ್ ಒತ್ತದೆ ಸರ್ಟಿಫಿಕೇಟ್ ಕೈಗೆ ಬಂತೇ? ಹಾಗಾದರೆ ಟೆಸ್ಟ್ ಅರ್ಧ ಆಗಿದೆ.

ಆಟೊದವರು ಗಮನಿಸಬೇಕಾದ್ದು ಒಂದಿದೆ. ಎಲ್‌ಪಿಜಿ ಗಾಡಿಗೆ ಯಂತ್ರ ತೋರಿಸಿದ ಹೈಡ್ರೋಕಾರ್ಬನ್ನನ್ನು 0.5ರಿಂದ, ಸಿಎನ್‌ಜಿ ಗಾಡಿಗೆ 0.3ರಿಂದ ಗುಣಿಸಿ ಲೆಕ್ಕ ಹಿಡಿಯುತ್ತಾರೆ. ಕಂಪ್ಯೂಟರಿನಲ್ಲಿ ಇಂಧನ ಪೆಟ್ರೋಲ್ ಅಂತ ಇದ್ದರೆ ಈ ರಿಯಾಯಿತಿ ಸಿಗದೆ ಸುಮ್ಮನೆ ಫೇಲ್ ಆಗುತ್ತದೆ. ಹೊರಗೆ ಗ್ಯಾಸ್ ಕಿಟ್ ಹಾಕಿಸಿ ಆರ್‌ಸಿಯಲ್ಲಿ ಬರೆಸದವರಿಗೆ ಬೀಳುವ ಪೆಟ್ಟು ಇದೇ. ಆರ್‌ಟಿಒ ಕಚೇರಿಯಲ್ಲಿ ಸರಿಪಡಿಸದೆ ವ್ಯಾನಿನವರ ಜೊತೆ ಜಗಳಾಡಿ ಉಪಯೋಗವಿಲ್ಲ.

ಡೀಸೆಲ್ಲಿನ ಲೆಕ್ಕವೇ ಬೇರೆ. ಇಲ್ಲಿ ಅನಿಲ ಅಳೆಯೋದಿಲ್ಲ, ಹೊಗೆ ಬೆಳಕನ್ನು ಎಷ್ಟು ತಡೆಯಿತು ಎಂದು ನೋಡುತ್ತಾರೆ. ಎಂಜಿನ್ ಆಯಿಲ್ ಕನಿಷ್ಠ 60 ಡಿಗ್ರಿ ಕಾದಿರಬೇಕು. ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರನ್ನು ಪೂರ್ತಿ, ಬೇಗ ಒತ್ತಿ ಗರಿಷ್ಠ ಸುತ್ತಿಗೆ ಬಂದ ಮೇಲೆ ಬಿಡಬೇಕು. ಸಾಲಾಗಿ ನಾಲ್ಕು ಅಳತೆ ಒಂದಕ್ಕೊಂದು 0.25ರೊಳಗೆ ಹೊಂದುವ ತನಕ ಇದು ನಡೀಬೇಕು. ಹೊಗೆ ದಟ್ಟಣೆಯ ಈ ಅಂಕಿಗೆ ಮಿತಿ ಹಳೆ ಗಾಡಿಗೆ 2.45, ಬಿಎಸ್-4ಕ್ಕೆ 1.62, ಬಿಎಸ್-6ಕ್ಕೆ 0.7. ಅರ್ಧ ಒತ್ತಿದರೆ ಕಪ್ಪು ಹೊಗೆ ಬರೋದೇ ಇಲ್ಲ. ಇಲ್ಲಿನ ಕಳ್ಳಾಟ ಅದು. ಇನ್ನೊಂದು ಹಳೆ ಆಟ, ಟೆಸ್ಟಿನ ದಿನ ಎಂಜಿನ್ನಿನ ಡೀಸೆಲ್ ಪಂಪಿನ ಸ್ಕ್ರೂ ಇಳಿಸಿ ಮರುದಿನ ಏರಿಸೋದು. ಕಪ್ಪು ಹೊಗೆಗೆ ಫಿಲ್ಟರ್, ನಾಝಲ್, ಟರ್ಬೊ ಹೋಸಿನ ಬಿರುಕು ನೋಡಿಸಿ. ನೀಲಿ ಹೊಗೆ ಬಂದರೆ ಆಯಿಲ್ ಉರೀತಿದೆ. ಟೈಮಿಂಗ್ ಬೆಲ್ಟ್ ಬದಲಿಸುವ ಅವಧಿ ದಾಟಿದ ಗಾಡಿಯನ್ನು ಹೀಗೆ ಪೂರ್ತಿ ರೇಸ್ ಮಾಡಿಸೋದು ಅಪಾಯ, ಬೆಲ್ಟ್ ಹಾಕಿಸಿಕೊಂಡೇ ಹೋಗಿ.

ಬಂಕೋ ವ್ಯಾನೋ? ನೆರಳಿರುವ ಬಂಕು. ಮೇ ತಿಂಗಳ ನಮ್ಮೂರ ಬಿಸಿಲಿನಲ್ಲಿ ಡೋರ್ ಮುಚ್ಚಿದ ವ್ಯಾನಿನೊಳಗೆ ಯಂತ್ರಕ್ಕೂ ಜೀವ ಇರೋದಿಲ್ಲ. ಎಲ್ಲೇ ಹೋದರೂ ಯಂತ್ರದ ಹಿಂದೆ ನೋಡಿ: ನೀರು ಸೇರುವ ಪುಟ್ಟ ಗಾಜಿನ ಬಟ್ಟಲು ತುಂಬಿದೆಯೇ, ಒಳಗಿನ ಬಿಳಿ ಫಿಲ್ಟರ್ ಇದ್ದಿಲಿನ ಬಣ್ಣಕ್ಕೆ ತಿರುಗಿದೆಯೇ, ಕ್ಯಾಲಿಬ್ರೇಷನ್ ಸ್ಟಿಕ್ಕರಿನ ತಾರೀಖು ಮುಗಿದಿದೆಯೇ. ದರ ಸಾರಿಗೆ ಇಲಾಖೆ ಗೊತ್ತು ಮಾಡಿದ್ದು. ಬೋರ್ಡ್ ಇಲ್ಲದ ಕಡೆ ಚಿಲ್ಲರೆ ನೆಪದಲ್ಲಿ ಜಾಸ್ತಿ ಹೋಗುತ್ತದೆ. ನಿಮ್ಮದೇ ಮೊಬೈಲ್ ನಂಬರ್ ಕೊಡಿ, ವ್ಯಾನಿನವರದನ್ನು ಹಾಕಿಸಬೇಡಿ. ಹೊಸ ಗಾಡಿಗೆ ಮೊದಲ ವರ್ಷ ಇದು ಬೇಕಿಲ್ಲ, ಆಮೇಲೆ ಬಿಎಸ್-4 ಮತ್ತು 6ಕ್ಕೆ ವರ್ಷಕ್ಕೊಮ್ಮೆ, ಹಳೆಯದಕ್ಕೆ ಆರು ತಿಂಗಳಿಗೊಮ್ಮೆ. ಎಲೆಕ್ಟ್ರಿಕ್ ಗಾಡಿಗೆ ಇಲ್ಲವೇ ಇಲ್ಲ. ಫೇಲಾದರೆ ಕಾರಣ ಬರೆದ ರಿಜೆಕ್ಷನ್ ಸ್ಲಿಪ್ ಕೇಳಿ. 2021ರ ಕೇಂದ್ರದ ಆದೇಶದಲ್ಲೇ ಅದು ಇದೆ, ಮೆಕ್ಯಾನಿಕ್‌ಗೆ ತೋರಿಸಲಿಕ್ಕೂ ಬರುತ್ತದೆ. "ಹಂಗೇ ಪಾಸ್ ಮಾಡಿ ಕೊಡ್ತೀನ್ರಿ" ಅನ್ನುವವರ ಕಡೆ ಹೋಗಬೇಡಿ.

ಇಷ್ಟೆಲ್ಲ ಹೇಳಿದ ಮೇಲೂ ಸೂಪರ್ ಮಾರ್ಕೆಟ್ಟಿನ ಸಿಗ್ನಲ್ಲಿನಲ್ಲಿ ಕೇಳೋ ಮಾತು ಒಂದೇ: "ನಮ್ ಬೈಕಿನ ಹೊಗಿ ಎಷ್ಟರ ಅದ ಅಂತೀರಿ? ಆ ಸಿಮೆಂಟ್ ಲಾರಿ ನೋಡ್ರಿ." ಸಿಟ್ಟಿನಲ್ಲಿ ಹುರುಳಿದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ ಜೊತೆ ಕಲಬುರಗಿಯೂ ಇದೆ. ಅಲ್ಲಿ ಲೆಕ್ಕಕ್ಕೆ ಬರೋದು ಗಾಳಿಯಲ್ಲಿ ತೇಲುವ ಕಣ. ಪಿಎಂ-10 ಎನ್ನುವ ಸಣ್ಣ ಕಣಕ್ಕೆ ವಾರ್ಷಿಕ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ಎಮಿಷನ್ ಟೆಸ್ಟ್ ಆ ಕಣವನ್ನು ನೇರವಾಗಿ ಅಳೆಯೋದಿಲ್ಲ, ನೈಟ್ರೋಜನ್ ಆಕ್ಸೈಡನ್ನೂ ಅಳೆಯೋದಿಲ್ಲ. ಟೈರಿಗೆ ಸಿಕ್ಕಿ ಏಳುವ ರಸ್ತೆ ಧೂಳಿಗೆ ಯಾವ ಚೀಟಿಯೂ ಇಲ್ಲ.

ಹಾಗಂತ ಚೀಟಿ ಬಿಟ್ಟು ಹಳೆ ಗಾಡಿಗೆ ಶುಲ್ಕ ಹಾಕಿದರೆ ಜನ ಒಪ್ಪುತ್ತಾರೆಯೇ? ಲಂಡನ್ನಿನಲ್ಲಿ 2019ರಿಂದ ಮಿತಿಗೆ ಹೊಂದದ ಕಾರಿಗೆ ದಿನಕ್ಕೆ 12.50 ಪೌಂಡ್. 2023ರ ಆಗಸ್ಟಿನಲ್ಲಿ ಅದನ್ನು ಇಡೀ ನಗರಕ್ಕೆ ಹಬ್ಬಿಸಿದಾಗ ಮೆರವಣಿಗೆಗಳಾದವು, ಕ್ಯಾಮೆರಾಗಳ ವಯರ್ ಕತ್ತರಿಸಿದವರೂ ಇದ್ದರು. ಅಲ್ಲಿ ಯಾರೂ ಪೈಪ್ ಹಾಕಿ ನೋಡೋದಿಲ್ಲ. ನಂಬರ್ ಪ್ಲೇಟಿನಿಂದ ಗಾಡಿ ಯಾವ ಯೂರೊ ದರ್ಜೆಯದು (ನಮ್ಮ ಬಿಎಸ್ ಇದ್ದಂತೆ) ಎಂದು ತೆಗೆದು, ಪೆಟ್ರೋಲಿಗೆ ಯೂರೊ-4, ಡೀಸೆಲ್ಲಿಗೆ ಯೂರೊ-6 ಇಲ್ಲದಿದ್ದರೆ ದುಡ್ಡು ಕೇಳುತ್ತಾರೆ. ಅದೇ ಲೆಕ್ಕ ಕಲಬುರಗಿಯ ಕೆಎ-32 ಗಾಡಿಗಳಿಗೆ ಬಂದರೆ, ಚೆನ್ನಾಗಿ ಇಟ್ಟುಕೊಂಡ 2008ರ ಬೈಕೂ ಹೊಗೆ ಕಾರುವ 2008ರ ಬೈಕೂ ಒಂದೇ ದರ ಕಟ್ಟಬೇಕು. ಗಂಜ್ ಮಾರುಕಟ್ಟೆಗೆ ತೊಗರಿ ತರುವ ಹಳೆ ಟೆಂಪೊ ದಿನವೂ ಕಟ್ಟಬೇಕು. ಎಮಿಷನ್ ಟೆಸ್ಟ್ ಕನಿಷ್ಠ ಆ ಎರಡು ಬೈಕಿನ ನಡುವಿನ ಫರಕು ಹೇಳಬಲ್ಲದು, ಪೈಪ್ ಪೂರ್ತಿ ಒಳಗೆ ಹೋದರೆ.

ಹೋಗುವುದಾದರೆ ಬೆಳಗ್ಗೆ ಹತ್ತರ ಹೊತ್ತಿಗೆ, ಬಿಸಿಲೇರುವ ಮುಂಚೆ. ಅವಧಿ ಮುಗಿಯಲು ವಾರ ಇರುವಾಗಲೇ ಹೋದರೆ, ಫೇಲಾದರೂ ಫಿಲ್ಟರ್ ಹಾಕಿಸಿ ಇನ್ನೊಮ್ಮೆ ಬರಲು ದಿನ ಇರುತ್ತದೆ. ಹಿಂದಿನ ಚೀಟಿಯನ್ನು ಜೊತೆಗೆ ಇಟ್ಟುಕೊಳ್ಳಿ: ಕಳೆದ ಸಲ 1.2 ಇದ್ದ ಮೊನಾಕ್ಸೈಡ್ ಈ ಸಲ 2.9ಕ್ಕೆ ಬಂದಿದ್ದರೆ, ಪಾಸಾದರೂ ನೇರ ಗ್ಯಾರೇಜಿಗೆ ಹೋಗಿ.