ಹಿರಿಯರ ವಸತಿಯಲ್ಲಿರುವ ತಾಯಿಗೆ ದೂರದ ಆರೋಗ್ಯ ನಿಗಾ: ಎರಡು ವರ್ಷಗಳ ಬಳಕೆಯ ನಂತರ

ಬೆಂಗಳೂರಿನ ಹೊರವಲಯದ ಹಿರಿಯರ ವಸತಿಯೊಂದರಲ್ಲಿರುವ ನನ್ನ ತಾಯಿ ಹೃದಯ ವೈಫಲ್ಯಕ್ಕೆ (ಹೃದಯವು ದೇಹಕ್ಕೆ ಬೇಕಾದಷ್ಟು ರಕ್ತವನ್ನು ಪಂಪ್ ಮಾಡಲಾಗದ ಸ್ಥಿತಿ) ಚಿಕಿತ್ಸೆ ಪಡೆಯುತ್ತಿದ್ದಾರೆ, ನಾನಿರುವುದು ಪುಣೆಯಲ್ಲಿ. ವಸತಿಯವರೇ ಸೂಚಿಸಿದ ಈ ಸೇವೆಗೆ ಚಂದಾದಾರರಾಗಿ ಎರಡು ವರ್ಷ ಮೀರಿದೆ. ತೂಕದ ಯಂತ್ರ, ತೋಳಿಗೆ ಸುತ್ತುವ ಬಿಪಿ ಯಂತ್ರ, ಹಾಸಿಗೆಯ ಅಡಿಯಲ್ಲಿಡುವ ಸೆನ್ಸರ್ ಮತ್ತು ಕೊರಳಿಗೆ ಹಾಕಿಕೊಳ್ಳುವ ತುರ್ತು ಗುಂಡಿ, ಇಷ್ಟು ಕಿಟ್‌ನಲ್ಲಿ ಬರುತ್ತವೆ. ಅಳತೆಗಳು ವಸತಿಯ ನರ್ಸ್‌ಗೂ ನನಗೂ ಏಕಕಾಲದಲ್ಲಿ ಆ್ಯಪ್ ಮೂಲಕ ತಲುಪುತ್ತವೆ.

ಇವುಗಳಲ್ಲಿ ಕೊಟ್ಟ ಹಣಕ್ಕೆ ನಿಜವಾಗಿ ಬೆಲೆ ತಂದುಕೊಟ್ಟಿರುವುದು ನೋಡಲು ತೀರಾ ಸಾಧಾರಣವಾದ ತೂಕದ ಯಂತ್ರ. ಹೃದಯ ವೈಫಲ್ಯ ಇರುವವರಲ್ಲಿ ಕಾಲು ಊದುವುದಕ್ಕೆ, ಉಸಿರು ಕಟ್ಟುವುದಕ್ಕೆ ಎಷ್ಟೋ ದಿನ ಮೊದಲೇ ದೇಹದಲ್ಲಿ ನೀರು ನಿಲ್ಲಲು ಆರಂಭಿಸಿ ತೂಕ ಏರುತ್ತದೆ. ಮೂರು ದಿನಗಳಲ್ಲಿ ಎರಡು ಕಿಲೋಗಿಂತ ಹೆಚ್ಚಾದರೆ ವೈದ್ಯರಿಗೆ ತಿಳಿಸಬೇಕೆಂಬುದು ಸಾಮಾನ್ಯ ಸೂಚನೆ. ಬೆಳಿಗ್ಗೆ ಶೌಚಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮುನ್ನ ಅಮ್ಮ ಅದರ ಮೇಲೆ ನಿಲ್ಲುತ್ತಾರೆ. ಕಳೆದ ಗೌರಿ ಗಣೇಶ ಹಬ್ಬದ ನಂತರ ಗ್ರಾಫ್ ಮೇಲೇರತೊಡಗಿದಾಗ ನರ್ಸ್ ಅಂದೇ ಹೃದ್ರೋಗ ತಜ್ಞರಿಗೆ ಫೋನ್ ಮಾಡಿ, ಅವರ ಸಲಹೆಯಂತೆ ನೀರಿನ ಮಾತ್ರೆಯ (ದೇಹದಲ್ಲಿ ನಿಂತ ನೀರನ್ನು ಮೂತ್ರದ ಮೂಲಕ ಹೊರಹಾಕುವ ಮಾತ್ರೆ) ಪ್ರಮಾಣವನ್ನು ಕೆಲ ದಿನ ಹೆಚ್ಚಿಸಿದರು. ಆಸ್ಪತ್ರೆ ಸೇರುವ ಪ್ರಸಂಗ ಬರಲಿಲ್ಲ. ಉಪ್ಪು ಹೆಚ್ಚಾದರೆ ದೇಹದಲ್ಲಿ ನೀರು ನಿಲ್ಲುತ್ತದೆ; ಹಬ್ಬಕ್ಕೆ ಸಂಡಿಗೆ, ಉಪ್ಪಿನಕಾಯಿಗಳ ಡಬ್ಬಿಗಳನ್ನು ತಂದುಕೊಟ್ಟ ನೆಂಟರ ಹೆಸರನ್ನು ಅಮ್ಮ ಈವರೆಗೂ ಬಾಯಿ ಬಿಟ್ಟಿಲ್ಲ. ಯಂತ್ರವನ್ನು ಗಟ್ಟಿ ನೆಲದ ಮೇಲೇ ಇಡಬೇಕು. ಆರೈಕೆಯ ಹುಡುಗಿ ಕಾಲು ತಣ್ಣಗಾಗದಿರಲೆಂದು ಅದರ ಕೆಳಗೆ ಚಾಪೆ ಹಾಸಿದ್ದ ವಾರದಲ್ಲಿ ಅಂಕಿಗಳೆಲ್ಲ ಅಸಂಬದ್ಧವಾಗಿ ಬಂದವು.

ಬಿಪಿ ಯಂತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ರವಿಕೆಯ ತೋಳಿನ ಮೇಲೆ ಪಟ್ಟಿ ಸುತ್ತದೆ, ಐದು ನಿಮಿಷ ಸುಮ್ಮನೆ ಕೂರಿಸಿ ಅಳೆದರೆ ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತದೆ.

ಹಾಸಿಗೆಯ ಸೆನ್ಸರ್ ಮೇಲೆ ನನಗೆ ಮಿಶ್ರ ಅಭಿಪ್ರಾಯವಿದೆ. ಹೃದಯ ಮಿಡಿದಾಗಲೂ ಉಸಿರಾಡಿದಾಗಲೂ ದೇಹದಲ್ಲುಂಟಾಗುವ ಸೂಕ್ಷ್ಮ ಕಂಪನಗಳನ್ನು ಗ್ರಹಿಸಿ ಲೆಕ್ಕ ಹಾಕುವ ಈ ಸಾಧನವನ್ನು ಮೈಗೆ ಅಂಟಿಸಿಕೊಳ್ಳಬೇಕಾಗಿಲ್ಲ, ಕ್ಯಾಮೆರಾದಂತೆ ಸಂಕೋಚಕ್ಕೂ ಎಡೆಯಿಲ್ಲ. ಆದರೆ ನಸುಕಿನಲ್ಲೇ ಎದ್ದು ಕುರ್ಚಿಯಲ್ಲಿ ಜಪಕ್ಕೆ ಕೂರುವ ಅಭ್ಯಾಸವಿರುವವರ ಪಾಲಿಗೆ ‘ಹಾಸಿಗೆಗೆ ಮರಳಿಲ್ಲ’ ಎಂಬ ಎಚ್ಚರಿಕೆ ದಿನನಿತ್ಯದ ರಗಳೆ. ಸಮಯದ ಮಿತಿಯನ್ನು ಬದಲಿಸುವ ಅವಕಾಶ ಆ್ಯಪ್‌ನಲ್ಲಿ ಇಲ್ಲ; ಕಂಪನಿಯ ಸಹಾಯವಾಣಿಗೆ ಪದೇ ಪದೇ ದೂರಿತ್ತ ಮೇಲೆ ಅವರ ಕಡೆಯಿಂದಲೇ ಬದಲಿಸಿಕೊಟ್ಟರು. ಅಷ್ಟರಲ್ಲಿ ರಾತ್ರಿ ಪಾಳಿಯವರು ಆ ಸದ್ದಿಗೆ ತಲೆಯೆತ್ತುವುದನ್ನೇ ಬಿಟ್ಟಿದ್ದರು. ಸುಳ್ಳು ಎಚ್ಚರಿಕೆಯ ನಿಜವಾದ ಅಪಾಯ ಇದೇ.

ತುರ್ತು ಗುಂಡಿ ನೀರಿಗೆ ಜಗ್ಗುವಂಥದಲ್ಲ, ಆದರೂ ಅಮ್ಮ ಸ್ನಾನಕ್ಕೆ ಹೋಗುವಾಗ ಅದನ್ನು ತೆಗೆದು ಕಿಟಕಿಯ ಸರಳಿಗೆ ನೇತುಹಾಕುತ್ತಾರೆ. ಬಚ್ಚಲಿನಲ್ಲಿ ಹಿರಿಯರು ಜಾರಿ ಬೀಳುವ ಅಪಾಯ ಹೆಚ್ಚು ಎಂಬುದು ಅವರಿಗೂ ಗೊತ್ತು. ಈ ಕಾರಣಕ್ಕೆ, ಗೋಡೆಗೆ ಅಳವಡಿಸುವ, ರೇಡಿಯೊ ಅಲೆಗಳಿಂದ ಬಿದ್ದದ್ದನ್ನು ತಾನೇ ಗುರುತಿಸುವ ರೇಡಾರ್ ಮಾದರಿಯ ಸೆನ್ಸರ್ ಕೊಡುವ ಸೇವೆ ಸಿಕ್ಕರೆ ಬಚ್ಚಲಿಗೆ ಅದೇ ಲೇಸು ಎಂದು ನನ್ನ ಅನಿಸಿಕೆ.

ಕೊಳ್ಳುವ ಮುನ್ನ ಯಂತ್ರಗಳ ಪಟ್ಟಿಗಿಂತ ಹೆಚ್ಚಾಗಿ ವಿಚಾರಿಸಬೇಕಾದದ್ದು ಎಚ್ಚರಿಕೆಗೆ ಓಗೊಡುವವರು ಯಾರು ಎಂಬುದನ್ನು. ಹೃದಯ ವೈಫಲ್ಯದ ರೋಗಿಗಳು ದಿನವೂ ಫೋನಿನ ಮೂಲಕ ತೂಕ ಮತ್ತು ಲಕ್ಷಣಗಳನ್ನು ವರದಿ ಮಾಡುವ ವ್ಯವಸ್ಥೆಯನ್ನು ಅಮೆರಿಕದಲ್ಲಿ 1,600ಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷಿಸಿದಾಗ, 2010ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಯಾವ ಲಾಭವೂ ಕಾಣಲಿಲ್ಲ. ಜರ್ಮನಿಯಲ್ಲಿ ನಡೆದು 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಹಗಲು ರಾತ್ರಿ ವೈದ್ಯರು ಮತ್ತು ದಾದಿಯರು ಕೂತು ಅಳತೆಗಳನ್ನು ನೋಡುವ ಕೇಂದ್ರವಿತ್ತು. ಅಲ್ಲಿ ಆಸ್ಪತ್ರೆವಾಸದ ದಿನಗಳೂ ಸಾವುಗಳೂ ಕಡಿಮೆಯಾದವು. ನಮ್ಮ ವಸತಿಯಲ್ಲಿ ಹಗಲಿನ ನರ್ಸ್ ಚುರುಕು. ರಾತ್ರಿ ಇರುವವರು ನರ್ಸಿಂಗ್ ತರಬೇತಿಯಿಲ್ಲದ ಸಹಾಯಕಿಯರು, ಕಲಬುರಗಿ, ರಾಯಚೂರು ಕಡೆಯ ಹುಡುಗಿಯರು, ಕನ್ನಡವನ್ನು ಸಲೀಸಾಗಿ ಓದಬಲ್ಲವರು. ಆ್ಯಪ್ ಮಾತ್ರ ಇಂಗ್ಲಿಷಿನಲ್ಲಷ್ಟೇ ಮಾತನಾಡುತ್ತದೆ. ಕರ್ನಾಟಕದಲ್ಲಿ ವ್ಯಾಪಾರ ಮಾಡುವ ಕಂಪನಿಗೆ ಹತ್ತಿಪ್ಪತ್ತು ಎಚ್ಚರಿಕೆಯ ಸಾಲುಗಳನ್ನು ಕನ್ನಡದಲ್ಲಿ ಬರೆಸುವುದು ದೊಡ್ಡ ಖರ್ಚಿನ ಬಾಬತ್ತೇನೂ ಅಲ್ಲ. ಕರೆಂಟ್ ಹೋದಾಗ ವೈಫೈ ರೂಟರ್ ಆರಿಹೋಗಿ ಅಳತೆಗಳು ನಿಂತುಬಿಡುತ್ತಿದ್ದ ತೊಂದರೆಯನ್ನು ನಾವೇ ಒಂದು ಚಿಕ್ಕ ಯುಪಿಎಸ್ ಇಟ್ಟು ನೀಗಿಸಿಕೊಂಡೆವು.

ಈ ಸಲ ತೂಕ ಮತ್ತು ಬಿಪಿ ಯಂತ್ರಗಳಿರುವ ಕಡಿಮೆ ದರದ ಯೋಜನೆಯನ್ನಷ್ಟೇ ಮುಂದುವರಿಸಿದ್ದೇನೆ. ಹಾಸಿಗೆಯ ಸೆನ್ಸರ್‌ಗೆ ಮತ್ತೆ ಹಣ ಕಟ್ಟಬೇಕಾದರೆ, ರಾತ್ರಿ ಹತ್ತರ ನಂತರ ಎಚ್ಚರಿಕೆಗೆ ಉತ್ತರಿಸುವವರ ಹೆಸರು ಮತ್ತು ಅವರು ಎಷ್ಟು ನಿಮಿಷದೊಳಗೆ ಕೋಣೆಗೆ ಬರುತ್ತಾರೆಂಬುದನ್ನು ಬರಹದಲ್ಲಿ ಕೊಡಬೇಕೆಂದು ವಸತಿಯ ಆಡಳಿತಕ್ಕೆ ತಿಳಿಸಿದ್ದೇನೆ. ಉತ್ತರ ಇನ್ನೂ ಬರಬೇಕಿದೆ.