ನೀಲಿ ಹಾಲಿಹಾಕ್ ಬೀಜ ಅಂತ ಯಾರಾದ್ರೂ ಮಾರಿದ್ರೆ ದಯವಿಟ್ಟು ದುಡ್ಡು ಕಳಿಸಬೇಡಿ

ಹಾಲಿಹಾಕ್ ಅಂದ್ರೆ ಆಳೆತ್ತರ ಬೆಳೆಯೋ ಒಂದು ಹೂಗಿಡ. ಅದರಲ್ಲಿ ನೀಲಿ ಬಣ್ಣದ್ದು ಇಲ್ಲ. ಪೂರ್ತಿ ಓದೋಕೆ ಪುರುಸೊತ್ತಿಲ್ಲದವರು ಇಷ್ಟು ತಿಳ್ಕೊಂಡ್ರೂ ಸಾಕು ಅಂತ ಮೊದಲೇ ಹೇಳ್ತಿದ್ದೀನಿ. ಬಿಳಿ ಇದೆ, ಗುಲಾಬಿ ಇದೆ, ಕೆಂಪು, ಹಳದಿ ಇದೆ, ಕಪ್ಪು ಅನ್ನಿಸುವಷ್ಟು ಗಾಢವಾದ ಮರೂನ್ ಇದೆ, ಅದನ್ನ ನೈಗ್ರಾ ಅಂತಾರೆ. ಆಕಾಶನೀಲಿ ಇಲ್ಲ. ಫೋಟೋದಲ್ಲಿ ಕಾಣೋ ನೀಲಿ ಬಣ್ಣ ತಿದ್ದಿ ಮಾಡಿದ್ದು. ಆದ್ರೆ ನನಗೆ ಆದ ಮೋಸ ಬಣ್ಣದ್ದು ಮಾತ್ರ ಅಲ್ಲ, ಬಂದಿದ್ದು ಹಾಲಿಹಾಕೇ ಅಲ್ಲ.

ನಾನಿರೋದು ಮೈಸೂರಲ್ಲಿ. ಇಲ್ಲಿ ಹಾಲಿಹಾಕ್ ಬೆಳೀಬೇಕು ಅಂದ್ರೆ ಮಳೆ ಕಡಿಮೆಯಾಗ್ತಾ ಬರೋ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬೀಜ ಹಾಕಬೇಕು. ಚಳಿಗಾಲದಲ್ಲಿ ಬೆಳೆದು ಬಿಸಿಲು ಜೋರಾಗೋ ಮೊದಲು ಹೂ ಬಿಡಬೇಕು. ಆ ಹೊತ್ತು ತಪ್ಪಿದ್ರೆ ಮತ್ತೆ ಮುಂದಿನ ವರ್ಷವೇ. ಶ್ರೀನಗರದಲ್ಲಿ ಮನೆ ಮನೆ ಮುಂದೆ ಆಳೆತ್ತರ ನಿಂತ ಹಾಲಿಹಾಕ್ ನೋಡಿ ಬಂದಾಗಿನಿಂದ ನನಗೆ ಅದರದ್ದೇ ಆಸೆ. ಆಗಲೇ ಫೋನಲ್ಲಿ ಈ ಜಾಹೀರಾತು ಕಣ್ಣಿಗೆ ಬಿತ್ತು. 'ನೀಲಿ ಡಬಲ್' (ಡಬಲ್ ಅಂದ್ರೆ ದಳ ಜಾಸ್ತಿ ಇರೋ ಹೂ), 'ಕಪ್ಪು', ಎರಡು ಪ್ಯಾಕೆಟ್ ಸೇರಿ ₹499, ಕೊರಿಯರ್ ಬೇರೆ. ವಾಟ್ಸಾಪ್‌ನಲ್ಲಿ ಆರ್ಡರ್, ಯುಪಿಐನಲ್ಲಿ ದುಡ್ಡು. ಮಾರೋನ ಮಾತು ಎಷ್ಟು ಚೆನ್ನಾಗಿತ್ತು ಅಂದ್ರೆ, 'ಮೇಡಂ ತುಕ್ಕು ರೋಗ ಬರೋದೇ ಇಲ್ಲ, ನಮ್ಮ ತಳಿಗೆ ಗ್ಯಾರಂಟಿ' ಅಂದ. ಹಾಲಿಹಾಕ್ ಬೆಳೆದವರಿಗೆ ಗೊತ್ತಿರತ್ತೆ, ಎಲೆ ಅಡಿಯಲ್ಲಿ ಕಿತ್ತಳೆ ಬಣ್ಣದ ಗುಳ್ಳೆ ಏಳೋ ಆ ತುಕ್ಕು ಈ ಗಿಡದ ದೊಡ್ಡ ಕಾಟ. ಅದಕ್ಕೇ ಗ್ಯಾರಂಟಿ ಕೊಡೋನು!

ಬಂದಿದ್ದು ಎರಡು ಜಿಪ್ ಕವರ್. ಹೆಸರಿಲ್ಲ, ಲಾಟ್ ನಂಬರ್ ಇಲ್ಲ, ಎಷ್ಟು ಪರ್ಸೆಂಟ್ ಮೊಳೆಯತ್ತೆ ಅನ್ನೋದಿಲ್ಲ, ಪ್ಯಾಕ್ ಮಾಡಿದ ತಾರೀಖಿಲ್ಲ. ಪೆನ್ನಲ್ಲಿ ಒಂದರ ಮೇಲೆ ಬಿ, ಇನ್ನೊಂದರ ಮೇಲೆ ಕೆ. ಕೇಳಿದ್ದಕ್ಕೆ 'ಫಾರ್ಮ್‌ನಿಂದ ನೇರ ಕಳಿಸ್ತೀವಿ ಮೇಡಂ, ಅದಕ್ಕೇ ಫ್ರೆಶ್' ಅಂತ ಉತ್ತರ.

ಹಾಲಿಹಾಕ್‌ಗೆ ತಾಯಿಬೇರು ಆಳಕ್ಕೆ ಇಳಿಯತ್ತೆ, ಕಿತ್ತು ನೆಟ್ರೆ ಸಹಿಸಲ್ಲ ಅಂತ ಆಳದ ಮಣ್ಣಿನ ಕುಂಡಗಳನ್ನೇ ತಂದೆ. ಕೆಂಪು ಮಣ್ಣು, ಹಳೇ ಕೊಟ್ಟಿಗೆ ಗೊಬ್ಬರ, ಮರಳು, ಬೇವಿನ ಹಿಂಡಿ. ಮೊಳಕೆ ಬಂತು. ಗಿಡಗಳೂ ಚೆನ್ನಾಗೇ ಬಂದ್ವು. ಆದ್ರೆ ಡಿಸೆಂಬರ್ ಹೊತ್ತಿಗೆ ನನಗೆ ಅನುಮಾನ. ಹಾಲಿಹಾಕ್ ಮೊದಲು ನೆಲಮಟ್ಟದಲ್ಲೇ ಅಗಲವಾದ ಒರಟು ಎಲೆಗಳನ್ನ ಸುತ್ತ ಹರಡಿಕೊಳ್ಳತ್ತೆ, ಆಮೇಲೆ ನಡುವಿನಿಂದ ಹೂಕಡ್ಡಿ ನೇರ ಮೇಲೆ ಏಳತ್ತೆ. ನಮ್ಮನೇದು ಶುರುವಿನಿಂದಲೇ ಕಾಂಡ ಕಟ್ಟಿ ಪೊದೆ ಥರ ಕವಲು ಒಡೀತಿತ್ತು. ಎಲೆ ಹೃದಯದಾಕಾರ, ತುದಿ ಚೂಪು, ಮುಟ್ಟಿದ್ರೆ ಮೆತ್ತಗೆ. ಫೋಟೋ ಕಳಿಸಿದೆ.

ಈಗ ಅವನ ಉತ್ತರಗಳನ್ನ ಓದಿ. ನಿಮಗೂ ಇದನ್ನೇ ಹೇಳ್ತಾರೆ.

'ಹೈಬ್ರಿಡ್ ಮೇಡಂ, ಎಲೆ ಹಾಗೇ ಇರತ್ತೆ.'

ಮೊಗ್ಗು ಯಾವಾಗ ಅಂದೆ. 'ಮೇಡಂ ಹಾಲಿಹಾಕ್ ಎರಡು ವರ್ಷದ ಗಿಡ. ಮೊದಲ ವರ್ಷ ಎಲೆ, ಎರಡನೇ ವರ್ಷ ಹೂ. ಗೂಗಲ್ ಮಾಡಿ ನೋಡಿ. ತಾಳ್ಮೆ ಇರಬೇಕು.'

ನನಗೆ ಉರಿಯೋದು ಇದೇ ಮಾತಿಗೆ. ಯಾಕಂದ್ರೆ ಇದು ಸುಳ್ಳಲ್ಲ! ಹಾಲಿಹಾಕ್‌ನಲ್ಲಿ ಬಹಳಷ್ಟು ತಳಿ ನಿಜವಾಗ್ಲೂ ಎರಡನೇ ವರ್ಷ ಹೂ ಬಿಡೋವೇ. ಬಿತ್ತಿದ ವರ್ಷವೇ ಹೂ ಬಿಡೋ ತಳಿಗಳೂ ಇವೆ, ನಮ್ಮ ಕಡೆಗೆ ಬೇಕಾಗಿರೋದು ಅವೇ. ಆರ್ಡರ್ ಮಾಡುವಾಗ ಅವನೇ 'ನಾಲ್ಕು ತಿಂಗಳಲ್ಲಿ ಹೂ' ಅಂದಿದ್ದ, ಆ ಮೆಸೇಜ್ ನನ್ನ ಹತ್ರ ಇದೆ. ಅದನ್ನ ತೋರಿಸಿದ್ರೆ 'ಅದು ಬೇರೆ ಬ್ಯಾಚ್.' ಗಿಡದ ನಿಜವಾದ ಗುಣವನ್ನೇ ಹಿಡ್ಕೊಂಡು ನನ್ನ ಬಾಯಿ ಮುಚ್ಚಿಸಿದ. ಎರಡು ವರ್ಷ ಕಾಯಿ ಅಂದ್ರೆ, ಅಷ್ಟರಲ್ಲಿ ಯಾರು ದೂರು ಕೊಡ್ತಾರೆ, ಯಾರು ನಂಬರ್ ಇಟ್ಕೊಂಡಿರ್ತಾರೆ?

ಸಂಕ್ರಾಂತಿಗೆ ಮೊಗ್ಗು ಬಂತು. ಎಳ್ಳು ಬೀರೋಕೆ ಬಂದವರಿಗೆಲ್ಲ ನಾನೂ ನಮ್ಮತ್ತೆಯೂ ಸೇರಿ ತೋರಿಸಿದ್ವಿ, ನೀಲಿ ಹೂ ಬಿಡತ್ತೆ, ಮುಂದಿನ ವಾರ ಬಂದು ನೋಡಿ ಅಂದ್ವಿ. ಬಿಡ್ತು. ಹಳದಿ. ಪುಟ್ಟ ಹಳದಿ ಹೂ, ಬೆಳಿಗ್ಗೆ ಮುಚ್ಚಿಕೊಂಡು ಸಂಜೆ ಅರಳೋದು. 'ಬಿ' ಕುಂಡದಲ್ಲೂ ಅದೇ, 'ಕೆ' ಕುಂಡದಲ್ಲೂ ಅದೇ.

ಅವನ ಉತ್ತರ: 'ಸೂಪರ್ ಮೇಡಂ! ಹಾಲಿಹಾಕ್‌ನಲ್ಲಿ ಹಳದಿಯೂ ಇರತ್ತೆ. ಮಿಕ್ಸ್ ಆಗಿರಬಹುದು. ಹೂ ಬಂತಲ್ಲ, ರಿವ್ಯೂ ಹಾಕಿ.'

ರಿವ್ಯೂ ಹಾಕಬೇಕಂತೆ.

ಮಾರನೇ ದಿನ ಸೊಪ್ಪು ಮಾರೋ ಅಜ್ಜಿ ಗೇಟ್ ಹತ್ರ ನಿಂತು ನೋಡಿದ್ರು. 'ಯಾಕವ್ವ, ಶ್ರೀಮುದ್ರೆ ಗಿಡಕ್ಕೆ ಇಷ್ಟು ದೊಡ್ಡ ಕುಂಡ ಇಕ್ಕಿದ್ದೀಯ? ಔಸ್ತಿಗಾ? ನಮ್ಮೂರ ಬೇಲೀಲಿ ಬೇಕಾದಷ್ಟದೆ, ಹೇಳಿದ್ರೆ ತಂದ್ಕೊಡ್ತಿದ್ದೆ' ಅಂದ್ರು. ಆಗ ಕಾಯಿ ಗಮನಿಸಿದೆ. ಚಕ್ರಾಕಾರದ ಕಾಯಿ, ಸುತ್ತ ಚೂಪು ಚೂಪು ಅಂಚು. ರಸ್ತೆ ಬದಿ, ಖಾಲಿ ಸೈಟಲ್ಲಿ ತಾನಾಗೇ ಹುಟ್ಟೋ ಶ್ರೀಮುದ್ರೆ, ಕೆಲವರು ತುತ್ತಿ ಗಿಡ ಅಂತಾರೆ. ಅದು, ಹಾಲಿಹಾಕ್, ದಾಸವಾಳ, ಬೆಂಡೆ ಎಲ್ಲ ಒಂದೇ ಕುಟುಂಬ. ಅದಕ್ಕೇ ಎಳೇ ಸಸಿಯಲ್ಲಿ ಅನುಮಾನ ಬರಲಿಲ್ಲ. ಆ ಗಿಡದ ಮೇಲೆ ನನಗೆ ಸಿಟ್ಟಿಲ್ಲ. ಬೇಲಿಯಲ್ಲಿ ಉದುರಿದ್ದನ್ನ ಕವರ್‌ಗೆ ತುಂಬಿ ₹499 ಕಿತ್ತುಕೊಂಡವನ ಮೇಲೆ ಸಿಟ್ಟು. ಅತ್ತೆ ಒಂದು ಮಾತೂ ಆಡಲಿಲ್ಲ, ಆದ್ರೆ ಎಳ್ಳು ಬೀರೋಕೆ ಬಂದಿದ್ದವರು ಫೋನ್ ಮಾಡಿ 'ನೀಲಿ ಹೂ ಬಿಡ್ತಾ?' ಅಂತ ಕೇಳಿದಾಗೆಲ್ಲ ನನಗೆ ತಲೆ ತಗ್ಗಿಸೋ ಹಾಗಾಗ್ತಿತ್ತು.

ಅವನಿಗೆ ಹೇಳಿದೆ, ಇದು ಶ್ರೀಮುದ್ರೆ, ದುಡ್ಡು ವಾಪಸ್ ಮಾಡಿ ಅಂತ. 'ಮೇಡಂ ಮೊಳಕೆ ಬಂತಾ ಇಲ್ವಾ? ಬಂತು ಅಂದ್ಮೇಲೆ ಬೀಜ ಒಳ್ಳೇದೇ.' ಇನ್ನೊಂದು ಸಲ ಕೇಳಿದೆ. 'ನಿಮ್ಮ ಕುಂಡದ ಮಣ್ಣಲ್ಲಿ ಕಳೆ ಬೀಜ ಇತ್ತೇನೋ, ನಮ್ಮದು ಮೊಳೆತಿಲ್ಲ ಅನ್ಸತ್ತೆ.' ಒಂದೇ ಸಂಜೆಯಲ್ಲಿ ಎರಡು ಉತ್ತರ! ಮೊಳೆತಿದೆ, ಆದ್ದರಿಂದ ಬೀಜ ಒಳ್ಳೇದು. ಮೊಳೆತಿಲ್ಲ, ಆದ್ದರಿಂದ ತಪ್ಪು ನಿಮ್ಮ ಮಣ್ಣಿಂದು. ಆಮೇಲೆ ಬ್ಲಾಕ್.

ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಬಿಲ್ ಕೇಳಿದ್ರು, ಮಾರಿದವರ ವಿಳಾಸ ಕೇಳಿದ್ರು. ಅವನು ಬಿಲ್ ಕೊಟ್ಟಿಲ್ಲ, ಕವರ್ ಮೇಲೆ ವಿಳಾಸವೂ ಇಲ್ಲ. ಯುಪಿಐ ರಸೀದಿ, ಚಾಟ್ ಎಲ್ಲ ಕೊಟ್ಟಿದ್ದೀನಿ, ನೋಡಬೇಕು. ದುಡ್ಡು ಹೋಯ್ತು ಅಂತಲ್ಲ, ನನ್ನ ಒಂದು ಇಡೀ ಚಳಿಗಾಲ ಹೋಯ್ತು. ಅದನ್ನ ಯಾರು ವಾಪಸ್ ಕೊಡ್ತಾರೆ?

ಬೀಜ ತಗೊಳ್ಳೋದಾದ್ರೆ ಬಿಲ್ ಕೊಡೋ ಅಂಗಡಿಯಲ್ಲಿ, ಲೇಬಲ್ ಇರೋ ಸೀಲ್ ಪ್ಯಾಕೆಟ್ ತಗೊಳ್ಳಿ. ಬಿತ್ತೋ ಮೊದಲು ಬೀಜ ಕೈಗೆ ಹಾಕ್ಕೊಂಡು ನೋಡಿ. ಹಾಲಿಹಾಕ್ ಬೀಜ ಚಪ್ಪಟೆ, ದುಂಡಗೆ, ಅಂಚು ಕಾಗದದ ಹಾಗೆ ತೆಳ್ಳಗೆ. ನನಗೆ ಬಂದಿದ್ದು ಸಣ್ಣಗೆ, ಗಟ್ಟಿಯಾಗಿ, ಒಂದು ಕಡೆ ಒಳಗೆ ಬಾಗಿದ ಕಪ್ಪು ಬೀಜ. ಅದು ಬಂದ್ರೆ ಅವತ್ತೇ ಫೋಟೋ ತೆಗೆದಿಟ್ಟು ದುಡ್ಡು ವಾಪಸ್ ಕೇಳಿ. 'ಎರಡು ವರ್ಷದ ಗಿಡ' ಅನ್ನೋ ಮಾತಿಗೆ ಮಾತ್ರ ಸುಮ್ಮನಾಗಬೇಡಿ.

ನಿನ್ನೆ ತಂಗಿ ಒಂದು ಜಾಹೀರಾತು ಕಳಿಸಿದ್ದಾಳೆ. ಪೇಜ್ ಹೆಸರು ಬೇರೆ, ನಂಬರ್ ಬೇರೆ, ಹಾಲಿಹಾಕ್ ಫೋಟೋ ಮಾತ್ರ ಅದೇ. ಈ ಸಲ ಜೊತೆಗೆ ನೀಲಿ ಸೂರ್ಯಕಾಂತಿಯೂ ಇದೆಯಂತೆ, ಮೂರು ಪ್ಯಾಕೆಟ್ ₹699.