ಹ್ಯಾಲೋವೀನ್‌ಗೆ ಸೇಲಮ್ಮಾ, ಸ್ಲೀಪಿ ಹಾಲೋನಾ, ಮ್ಯಾನ್‌ಹ್ಯಾಟನ್ ಪರೇಡಾ?

ಅಮೆರಿಕದ ಪೂರ್ವ ಕರಾವಳಿಲಿ ಇರೋರು, ಅಕ್ಟೋಬರ್‌ನಲ್ಲಿ ಮಕ್ಕಳ ಮನೆಗೆ ಅಂತ ಊರಿಂದ ಬರೋರು, ಎಲ್ರೂ ಕೇಳೋದು ಒಂದೇ, ಹ್ಯಾಲೋವೀನ್ ನೋಡಕ್ಕೆ ಎಲ್ಲಿಗೆ ಹೋದ್ರೆ ಚೆನ್ನ ಅಂತ. ನಾವಿರೋದು ನ್ಯೂಜೆರ್ಸಿಲಿ, ಬೇರೆ ಬೇರೆ ವರ್ಷ ಈ ಮೂರೂ ಕಡೆ ಹೋಗಿದೀವಿ, ಒಂದ್ಸಲ ಬರೀ ಫ್ರೆಂಡ್ಸ್, ಒಂದ್ಸಲ ಮಕ್ಕಳನ್ನ ಕಟ್ಕೊಂಡು, ಒಂದ್ಸಲ ಮೈಸೂರಿಂದ ಬಂದಿದ್ದ ಅತ್ತೆ ಮಾವನ ಜೊತೆ. ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ: ಊರು ಅಂತ ನೋಡಿದ್ರೆ ಸೇಲಮ್‌ಗೆ ಸಾಟಿ ಇಲ್ಲ, ಆದ್ರೆ ಹ್ಯಾಲೋವೀನ್ ದಿನ, ಅಂದ್ರೆ ಅಕ್ಟೋಬರ್ 31ನೇ ತಾರೀಖು ಮಾತ್ರ ಅಲ್ಲಿಗೆ ಹೋಗ್ಬೇಡಿ.

ಮ್ಯಾಸಚೂಸೆಟ್ಸ್‌ನ ಸೇಲಮ್‌ಗೆ ಬಾಸ್ಟನ್ನಿನ ನಾರ್ತ್ ಸ್ಟೇಷನ್ನಿಂದ ಟ್ರೈನಲ್ಲಿ ಅರ್ಧ ಗಂಟೆ ಅಷ್ಟೆ. ಕಾರಲ್ಲಿ ಹೋಗೋದು ಬೇಡವೇ ಬೇಡ, ಅಕ್ಟೋಬರ್ ಶನಿವಾರ ಭಾನುವಾರ ಬೆಳಗ್ಗೆನೇ ಪಾರ್ಕಿಂಗ್ ತುಂಬಿಹೋಗಿರುತ್ತೆ, ಆಮೇಲೆ ಬಂದೋರು ಸುತ್ತುತಾ ಇರ್ಬೇಕು. ಇಡೀ ಅಕ್ಟೋಬರ್ ತಿಂಗಳು ಹತ್ತು ಲಕ್ಷಕ್ಕಿಂತ ಜಾಸ್ತಿ ಜನ ಬರೋ ಸಣ್ಣ ಊರು ಅದು. ಎಸೆಕ್ಸ್ ಸ್ಟ್ರೀಟ್‌ನಲ್ಲಿ ವೀಕೆಂಡ್ ಹೋದ್ರೆ ದಸರಾ ಜಂಬೂಸವಾರಿ ದಿನ ಸಯ್ಯಾಜಿರಾವ್ ರಸ್ತೆಲಿ ನಿಂತ ಹಾಗೆ, ಜನ ತಳ್ಕೊಂಡು ಹೋಗ್ತಾರೆ, ನಾವು ಹೋಗ್ತೀವಿ. ಕಾಸ್ಟ್ಯೂಮ್‌ಗಳಂತೂ ಕಣ್ತುಂಬ ನೋಡ್ಬೇಕು, ಒಬ್ಬೊಬ್ರು ತಿಂಗಳುಗಟ್ಟಲೆ ಕೂತು ಹೊಲಿದಿರ್ತಾರೆ ಅನ್ನೋದು ಗೊತ್ತಾಗುತ್ತೆ.

ಆದ್ರೆ ಸೇಲಮ್‌ಗೆ ಹೋಗ್ಬೇಕಾಗಿರೋದು ಅದಕ್ಕಲ್ಲ. 1692ರಲ್ಲಿ ಅಲ್ಲಿ ಮಾಟಗಾತಿ ಅಂತ ಆರೋಪ ಹೊರಿಸಿ 19 ಜನರನ್ನ ನೇಣಿಗೆ ಹಾಕಿದ್ರು, ಹದಿನಾಲ್ಕು ಹೆಂಗಸರು, ಐದು ಗಂಡಸರು. ಜೈಲ್ಸ್ ಕೋರಿ ಅಂತ ಎಂಬತ್ತರ ಆಸುಪಾಸಿನ ಇನ್ನೊಬ್ಬ ಮುದುಕ, ಕೋರ್ಟ್‌ಗೆ ಉತ್ತರ ಕೊಡಲ್ಲ ಅಂದಿದ್ದಕ್ಕೆ ಅವನ ಮೇಲೆ ಕಲ್ಲು ಹೇರಿ ಹೇರಿ ಸಾಯಿಸಿದ್ರು. ಇವಳ ಆತ್ಮ ಬಂದು ನನ್ನ ಚಿವುಟ್ತು ಅಂತ ಯಾರಾದ್ರೂ ಹೇಳಿದ್ರೆ ಕೋರ್ಟು ಅದನ್ನ ಸಾಕ್ಷಿ ಅಂತ ತಗೊಳ್ತಾ ಇತ್ತು. ಶಿಕ್ಷೆಯಾದವರಲ್ಲಿ ಕೊನೆಯ ಹೆಣ್ಣುಮಗಳು ಎಲಿಜಬೆತ್ ಜಾನ್ಸನ್ ನಿರ್ದೋಷಿ ಅಂತ ಕಾನೂನುಪ್ರಕಾರ ಆಗಿದ್ದು 2022ರಲ್ಲಿ, ಅದೂ ನಾರ್ತ್ ಆಂಡೋವರ್‌ನ ಸ್ಕೂಲ್ ಮಕ್ಕಳು ಹಿಂದೆ ಬಿದ್ದು ಪಟ್ಟು ಹಿಡಿದಿದ್ದಕ್ಕೆ. ಹಳೇ ಸ್ಮಶಾನದ ಪಕ್ಕ 1992ರಲ್ಲಿ ಮಾಡಿದ ಸ್ಮಾರಕ ಇದೆ, ಗೋಡೆಯಿಂದ ಹೊರಗೆ ಚಾಚಿರೋ ಕಲ್ಲಿನ ಬೆಂಚುಗಳು, ಒಂದೊಂದರ ಮೇಲೆ ಒಬ್ಬೊಬ್ಬರ ಹೆಸರು ಮತ್ತು ಸತ್ತ ದಿನ. ಒಳಗೆ ಕಾಲಿಡೋ ಜಾಗದಲ್ಲಿ ನೆಲದ ಕಲ್ಲಿನ ಮೇಲೆ ಅವರು ಕೋರ್ಟಲ್ಲಿ ನಾನು ತಪ್ಪು ಮಾಡಿಲ್ಲ ಅಂತ ಹೇಳಿದ ಮಾತುಗಳನ್ನ ಕೆತ್ತಿದಾರೆ, ಆ ಸಾಲುಗಳು ಗೋಡೆ ಹತ್ರ ಬಂದು ಅರ್ಧಕ್ಕೇ ನಿಂತುಹೋಗುತ್ತೆ. ಅದನ್ನ ಓದಿ ನನಗೆ ಸ್ವಲ್ಪ ಹೊತ್ತು ಮಾತೇ ಹೊರಡ್ಲಿಲ್ಲ. ವೀಕೆಂಡ್ ರಶ್‌ನಲ್ಲಿ ಜನ ಅದೇ ಬೆಂಚಿನ ಮೇಲೆ ಕೂತು ತಿಂಡಿ ತಿಂತಿರ್ತಾರೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ. ಅದಕ್ಕೇ ಹೇಳೋದು, ಅಕ್ಟೋಬರ್ ಮೊದಲ ಅಥವಾ ಎರಡನೇ ವಾರ, ಮಂಗಳವಾರ ಬುಧವಾರ ನೋಡ್ಕೊಂಡು ಹೋಗಿ, ಅಲಂಕಾರ ಎಲ್ಲಾ ಆಗಲೇ ಇರುತ್ತೆ, ಸ್ಮಾರಕದ ಮುಂದೆ ನಿಂತು ಹೆಸರುಗಳನ್ನ ಓದಕ್ಕೂ ಆಗುತ್ತೆ. ನೇಣು ಹಾಕಿದ ಜಾಗ ಪ್ರಾಕ್ಟರ್ಸ್ ಲೆಡ್ಜ್ ಅಂತ ಖಚಿತವಾಗಿದ್ದು 2016ರಲ್ಲಿ, ಈಗ ಅಲ್ಲೂ ಸಣ್ಣ ಸ್ಮಾರಕ ಇದೆ, ಸುತ್ತ ಮನೆಗಳಿರೋ ಜಾಗ, ಗಲಾಟೆ ಮಾಡ್ದೆ ಹೋಗಿಬನ್ನಿ.

ಮ್ಯೂಸಿಯಂ ಅಂತ ಬೋರ್ಡ್ ಹಾಕಿರೋದೆಲ್ಲಾ ಮ್ಯೂಸಿಯಂ ಅಲ್ಲ, ಎಷ್ಟೋ ಕಡೆ ಮೇಣದ ಬೊಂಬೆ, ಕತ್ತಲೆ ರೂಮು ಅಷ್ಟೆ. ದುಡ್ಡು ಕೊಡೋದಾದ್ರೆ ಎರಡು ಕಡೆ ಕೊಡಿ. ಒಂದು ವಿಚ್ ಹೌಸ್, ಆ ವಿಚಾರಣೆ ನಡೆಸಿದ ಜಡ್ಜ್ ಜೊನಾಥನ್ ಕಾರ್ವಿನ್ ಮನೆ, ಆ ಘಟನೆಗೆ ನೇರ ಸಂಬಂಧ ಇದ್ದು ಊರಲ್ಲಿ ಇನ್ನೂ ನಿಂತಿರೋ ಕಟ್ಟಡ ಅದೊಂದೇ. ಇನ್ನೊಂದು ಪೀಬಡಿ ಎಸೆಕ್ಸ್ ಮ್ಯೂಸಿಯಂ, ಇದರ ಬೇರು 1799ರಲ್ಲಿ ಸೇಲಮ್‌ನ ಹಡಗು ಕ್ಯಾಪ್ಟನ್‌ಗಳು ಕಟ್ಟಿದ ಸೊಸೈಟಿಲಿ ಇದೆ, ಅವರು ಇಂಡಿಯಾಗೂ ವ್ಯಾಪಾರಕ್ಕೆ ಹೋಗಿಬರ್ತಿದ್ದೋರು, ಹಾಗಾಗಿ ಇಲ್ಲಿ ಭಾರತೀಯ ಕಲೆಯ ದೊಡ್ಡ ಸಂಗ್ರಹ ಇದೆ. 1796ರಲ್ಲಿ ಅಮೆರಿಕಕ್ಕೆ ಆನೆ ತಂದವನೂ ಸೇಲಮ್ ಕ್ಯಾಪ್ಟನ್ನೇ, ಕಲ್ಕತ್ತಾದಿಂದ. ನಮ್ಮ ಮಾವನಿಗೆ ಈ ಆನೆ ಕಥೆ ಎಷ್ಟು ಇಷ್ಟ ಆಯ್ತು ಅಂದ್ರೆ ವಾಪಸ್ ಬರ್ತಾ ಟ್ರೈನ್ ಪೂರ್ತಿ ಅದೇ.

ಸ್ಲೀಪಿ ಹಾಲೋ ಇರೋದು ನ್ಯೂಯಾರ್ಕ್ ಸಿಟಿಯಿಂದ ಉತ್ತರಕ್ಕೆ, ಹಡ್ಸನ್ ನದಿ ದಡದಲ್ಲಿ. ಗ್ರ್ಯಾಂಡ್ ಸೆಂಟ್ರಲ್‌ನಿಂದ ಹಡ್ಸನ್ ಲೈನ್ ಹತ್ತಿ ಟ್ಯಾರಿಟೌನ್‌ನಲ್ಲಿ ಇಳಿದ್ರೆ ಆಯ್ತು. ಮೊದಲು ಇದು ನಾರ್ತ್ ಟ್ಯಾರಿಟೌನ್, 1996ರಲ್ಲಿ ಊರೋರೇ ಓಟು ಹಾಕಿ, ವಾಷಿಂಗ್ಟನ್ ಇರ್ವಿಂಗ್ 1820ರಲ್ಲಿ ಬರೆದ ರುಂಡವಿಲ್ಲದ ಕುದುರೆ ಸವಾರನ ಕಥೆಯ ಹೆಸರನ್ನೇ ಇಟ್ಕೊಂಡ್ರು. ಇಲ್ಲಿ ಭಯ ಕಡಿಮೆ, ಚಂದ ಜಾಸ್ತಿ. ಹಳೇ ಡಚ್ ಚರ್ಚು, ಅದರ ಪಕ್ಕದ ದೊಡ್ಡ ಸ್ಮಶಾನದಲ್ಲಿ ಇರ್ವಿಂಗ್ ಸಮಾಧಿ, ಆಂಡ್ರ್ಯೂ ಕಾರ್ನೆಗಿ ಸಮಾಧಿ, ಮೇಲೆ ಕೆಂಪು ಹಳದಿ ಎಲೆ. ಮಕ್ಕಳಿಗೆ ಅಂತೂ ಹತ್ತಿರದ ಕ್ರೋಟನ್ ಊರಲ್ಲಿ ನಡೆಯೋ ಬ್ಲೇಜ್ ಅನ್ನೋ ಪ್ರದರ್ಶನ, ಕೈಯಲ್ಲಿ ಕೆತ್ತಿದ ಏಳು ಸಾವಿರಕ್ಕಿಂತ ಹೆಚ್ಚು ಕುಂಬಳಕಾಯಿ ಒಳಗೆ ದೀಪ ಇಟ್ಟು ಡೈನೋಸಾರ್, ಜೇಡರ ಬಲೆ, ಏನೇನೋ ಮಾಡಿರ್ತಾರೆ, ನಮ್ಮ ಚಿಕ್ಕವಳು ಬಾಯಿ ಬಿಟ್ಕೊಂಡು ನಿಂತುಬಿಟ್ಲು. ಟಿಕೆಟ್ ಮೇಲೆ ಟೈಮ್ ಹಾಕಿರ್ತಾರೆ, ಒಳ್ಳೇ ದಿನಗಳದ್ದು ಬೇಗ ಖಾಲಿ ಆಗುತ್ತೆ, ಅದಕ್ಕೇ ಮುಂಚೆನೇ ಬುಕ್ ಮಾಡಿ. ನದಿ ಗಾಳಿಗೆ ಚಳಿ ಚುಚ್ಚುತ್ತೆ, ಕತ್ತಲಲ್ಲಿ ನಡೀಬೇಕು, ಅತ್ತೆಗೆ ಸೀರೆ ಮೇಲೆ ಉದ್ದ ಕೋಟು, ಕಾಲಿಗೆ ಶೂ ಹಾಕಿಸಿ ಕರ್ಕೊಂಡು ಹೋಗಿದ್ದು ಒಳ್ಳೇದಾಯ್ತು.

31ರ ರಾತ್ರಿಗೆ ಅಂತಾದ್ರೆ ಮ್ಯಾನ್‌ಹ್ಯಾಟನ್ನಿನ ಗ್ರೀನಿಚ್ ವಿಲೇಜ್ ಅನ್ನೋ ಏರಿಯಾದ ವಿಲೇಜ್ ಪರೇಡ್. 1974ರಲ್ಲಿ ರಾಲ್ಫ್ ಲೀ ಅನ್ನೋ ಮುಖವಾಡ, ಬೊಂಬೆ ಮಾಡೋ ಕಲಾವಿದ ತನ್ನ ಏರಿಯಾದ ಮಕ್ಕಳನ್ನ ಕರ್ಕೊಂಡು ಶುರು ಮಾಡಿದ್ದು, ಈಗ ಸಿಕ್ಸ್ತ್ ಅವೆನ್ಯೂ ತುಂಬ ಹತ್ತಾರು ಸಾವಿರ ಜನ ವೇಷ ಹಾಕ್ಕೊಂಡು ನಡೀತಾರೆ. ಇದನ್ನ ಬ್ಯಾರಿಕೇಡ್ ಹಿಂದೆ ನಿಂತು ನೋಡೋಕೆ ಹೋಗ್ಬೇಡಿ, ಮುಂದಿನವರ ತಲೆ ಬಿಟ್ರೆ ಏನೂ ಕಾಣ್ಸಲ್ಲ. ವೇಷ ಹಾಕ್ಕೊಂಡು ಒಳಗೇ ಸೇರ್ಕೊಳಿ, ಕಾಸ್ಟ್ಯೂಮ್ ಇದ್ರೆ ಸಾಕು, ಕೆನಾಲ್ ಸ್ಟ್ರೀಟ್ ಕಡೆ ಲೈನ್ ಇರುತ್ತೆ. ನಮ್ಮ ಗ್ಯಾಂಗ್‌ನಲ್ಲಿ ಕುಂದಾಪುರದ ಒಬ್ಬ ಥರ್ಮೋಕೋಲ್‌ನಲ್ಲಿ ಯಕ್ಷಗಾನದ ಕೇದಗೆ ಮುಂದಲೆ ಮಾಡ್ಕೊಂಡು ಬಂದಿದ್ದ, ಹೆಜ್ಜೆ ಹಾಕ್ತಾ ಹೋದ, ಪಕ್ಕದ ಬ್ಯಾಂಡಿನೋರು ಅವನ ಹೆಜ್ಜೆಗೇ ಡ್ರಮ್ ಬಾರಿಸೋಕೆ ಶುರು ಮಾಡಿದ್ರು, ಆ ಖುಷಿ ನನಗೆ ಬೇರೆ ಎಲ್ಲೂ ಸಿಕ್ಕಿಲ್ಲ. ಗಂಟೆಗಟ್ಟಲೆ ನಿಂತು ಕಾಯ್ಬೇಕು, ಟಾಯ್ಲೆಟ್ ಸಿಗೋದು ಕಷ್ಟ, ಸಣ್ಣ ಮಕ್ಕಳು ವಯಸ್ಸಾದೋರು ಬೇಡ. ಮರುದಿನ ಇಲ್ಲಿ ರಜ ಇಲ್ಲ, ಜೊತೆಗೆ ಕನ್ನಡ ರಾಜ್ಯೋತ್ಸವ, ಆಸುಪಾಸಿನ ವೀಕೆಂಡಲ್ಲಿ ಕನ್ನಡ ಕೂಟದ ಪ್ರೋಗ್ರಾಂ ಪ್ರಾಕ್ಟೀಸ್ ಇದ್ರೆ ಅದನ್ನೂ ಲೆಕ್ಕ ಹಾಕ್ಕೊಳಿ.

ಹತ್ತು ವರ್ಷದೊಳಗಿನ ಮಕ್ಕಳಿದ್ರೆ 31ಕ್ಕೆ ಎಲ್ಲೂ ಹೋಗ್ಬೇಡಿ, ನಿಮ್ಮ ಬೀದಿಲೇ ಇರಿ, ಪೋರ್ಚ್ ಲೈಟ್ ಹಾಕಿರೋ ಮನೆ ಬಾಗಿಲು ತಟ್ಟಿಸಿ ಕ್ಯಾಂಡಿ ಕೇಳಿಸಿ, ಅವರಿಗೆ ಬೇಕಾಗಿರೋದು ಅದೇ. ಮನೆಗೆ ಬಂದ್ಮೇಲೆ ಬುಟ್ಟಿ ಸುರಿದು ನೋಡಿ, ವೆಜಿಟೇರಿಯನ್ ಆಗಿದ್ರೆ ಗಮ್ಮಿ, ಮಾರ್ಷ್‌ಮೆಲೋ, ಕ್ಯಾಂಡಿ ಕಾರ್ನ್ ಇವುಗಳಲ್ಲಿ ಸಾಮಾನ್ಯವಾಗಿ ಜೆಲಾಟಿನ್ ಇರುತ್ತೆ, ಸಣ್ಣ ಪ್ಯಾಕೆಟ್ ಮೇಲೆ ಪಟ್ಟಿ ಇಲ್ದೇ ಹೋದ್ರೆ ಫೋನಲ್ಲಿ ನೋಡ್ಕೊಂಡು ಆಮೇಲೆ ಕೊಡಿ.